ಜರ್ಮನ್ ‘ಸಿಎಚ್’ ಬಾಯಿಗೆ ಬರುತ್ತಿಲ್ಲವೇ? ದೋಷ ಎಲ್ಲಿದೆ ಅಂತ ಮೊದಲು ಹುಡುಕಿ

ಜರ್ಮನ್ ಕಲಿಯಲು ಕೂತ ಮೊದಲ ದಿನವೇ ‘ನಾನು’ ಅನ್ನುವುದಕ್ಕೆ ಐ-ಸಿ-ಎಚ್ ಎಂಬ ಮೂರಕ್ಷರದ ಪದ ಎದುರಾಗುತ್ತದೆ. ಕ್ಲಾಸಿನಲ್ಲಿರುವ ಕನ್ನಡಿಗರಲ್ಲಿ ಒಬ್ಬರು ಅದನ್ನು ‘ಇಶ್’ ಅನ್ನುತ್ತಾರೆ, ಇನ್ನೊಬ್ಬರು ‘ಇಚ್’, ಮತ್ತೊಬ್ಬರು ‘ಇಕ್’, ಮಗದೊಬ್ಬರು ‘ಇಖ್’. ನಾಲ್ಕೂ ತಪ್ಪೇ. ಆದರೆ ನಾಲ್ಕೂ ಬೇರೆ ಬೇರೆ ತಪ್ಪು. ಈ ನಾಲ್ವರಿಗೂ ಸಿಗುವ ಸಲಹೆ ಮಾತ್ರ ಒಂದೇ: ‘ಸ್ವಲ್ಪ ಗಂಟಲಿಂದ ಹೇಳಿ.’ ಅದರಿಂದ ಒಬ್ಬರಿಗೂ ಉಪಯೋಗ ಆಗುವುದಿಲ್ಲ. ಈ ಪದಕ್ಕೂ ಗಂಟಲಿಗೂ ಸಂಬಂಧವೇ ಇಲ್ಲ.

ಹಾಗಾಗಿ ಇಲ್ಲಿ ಅಭ್ಯಾಸಕ್ಕಿಂತ ಮೊದಲು ಪರೀಕ್ಷೆ. ನಿಮ್ಮ ಬಾಯಲ್ಲಿ ಯಾವ ದೋಷ ಇದೆ ಅಂತ ಗೊತ್ತಾದರೆ ಅದರ ರಿಪೇರಿ ಅಷ್ಟೇನೂ ಕಷ್ಟವಲ್ಲ. ಗೊತ್ತಾಗದೆ ದಿನಾ ನೂರು ಸಲ ಹೇಳಿದರೆ ತಪ್ಪೇ ಗಟ್ಟಿಯಾಗುತ್ತದೆ.

ಅಕ್ಷರ ಜೋಡಿ ಒಂದು, ಸದ್ದು ಎರಡು

ಜರ್ಮನ್‌ನಲ್ಲಿ ಸಿ ಮತ್ತು ಎಚ್ ಒಟ್ಟಿಗೆ ಬಂದರೆ ಮುಖ್ಯವಾಗಿ ಎರಡು ಸದ್ದು. ಒಂದು ಬಾಯಿಯ ಮುಂಭಾಗದ್ದು, ಗಟ್ಟಿ ಅಂಗುಳದ (ಬಾಯಿಯ ಮೇಲ್ಛಾವಣಿಯ) ಹತ್ತಿರ ಹುಟ್ಟುವಂಥದ್ದು. ಇನ್ನೊಂದು ಹಿಂಭಾಗದ್ದು, ನಾವು ಕ ಅನ್ನುವ ಜಾಗದಲ್ಲಿ ಹುಟ್ಟುವಂಥದ್ದು. ಎರಡರಲ್ಲೂ ಉಸಿರು ಎಲ್ಲೂ ನಿಲ್ಲುವುದಿಲ್ಲ, ಉಜ್ಜಿಕೊಂಡು ಹೋಗುತ್ತದೆ. ಎರಡರಲ್ಲೂ ದನಿ ಇರುವುದಿಲ್ಲ, ಅಂದರೆ ಗಂಟಲು ಅದುರುವುದಿಲ್ಲ. ಇಲ್ಲಿ ಮುಂದಿನದನ್ನು ‘ಹ್ಯ್’ ಅಂತಲೂ ಹಿಂದಿನದನ್ನು ಕೆಳಗೆ ಚುಕ್ಕಿ ಇಟ್ಟು ‘ಖ಼್’ ಅಂತಲೂ ಬರೆಯುತ್ತೇನೆ. ಇದು ಬರೀ ಗುರುತು. ಅಚ್ಚಾದದ್ದನ್ನು ಹಾಗೇ ಓದಿದರೆ ಜರ್ಮನ್ ಆಗುವುದಿಲ್ಲ.

ಯಾವುದು ಎಲ್ಲಿ ಬರುತ್ತದೆ ಅನ್ನುವುದು ಅದರ ಹಿಂದಿನ ಸ್ವರ ನೋಡಿದರೆ ಗೊತ್ತಾಗುತ್ತದೆ. ಅ, ಒ, ಉ, ಔ ಆದಮೇಲೆ ಖ಼್. ಬಖ಼್ (ಹಳ್ಳ), ಡೊಖ಼್ (ಆದರೂ), ಬೂಖ಼್ (ಪುಸ್ತಕ). ಬೇರೆ ಸ್ವರಗಳಾದಮೇಲೆ, ಅಂದರೆ ಇ, ಎ, ಐ, ಒಯ್ ಮತ್ತು ಎರಡು ಚುಕ್ಕಿ ಹೊತ್ತ ಸ್ವರಗಳಾದಮೇಲೆ ಹ್ಯ್. ಇಹ್ಯ್ (ನಾನು), ರೆಹ್ಯ್‌ಟ್ (ಸರಿ). ಲ, ನ, ರ ಆದಮೇಲೂ ಹ್ಯ್: ಮಿಲ್‌ಹ್ಯ್ (ಹಾಲು).

ಇದನ್ನು ಉರು ಹೊಡೆಯಬೇಕಿಲ್ಲ. ಇ ಅನ್ನುವಾಗ ನಾಲಿಗೆ ಮುಂದಕ್ಕೆ ಇರುತ್ತದೆ, ಉ ಅನ್ನುವಾಗ ಹಿಂದಕ್ಕೆ. ನಾಲಿಗೆ ಆಗಲೇ ಎಲ್ಲಿದೆಯೋ ಅಲ್ಲೇ ಉಜ್ಜು ಹುಟ್ಟುತ್ತದೆ, ಅಷ್ಟೇ. ನಮ್ಮ ಶಾಲೆ ವ್ಯಾಕರಣದಲ್ಲಿ ಇ ಮತ್ತು ಯ ಎರಡನ್ನೂ ತಾಲವ್ಯ ಅಂತ ಒಂದೇ ಗುಂಪಿಗೆ ಸೇರಿಸಿದ್ದರಲ್ವಾ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಪರೀಕ್ಷೆಗೆ ಬೇಕಾದ್ದು: ಕನ್ನಡಿ, ಕೈ, ಉಸಿರು

ಕನ್ನಡಿ ಮುಂದೆ ನಿಂತು ಐ-ಸಿ-ಎಚ್ ಹೇಳಿ. ಕೊನೆಯಲ್ಲಿ ತುಟಿ ಮುಂದಕ್ಕೆ ಬಂದು ದುಂಡಾಯಿತಾ? ಆಗಿದ್ದರೆ ನೀವು ಹೇಳುತ್ತಿರುವುದು ಶ್.

ಬೆರಳನ್ನು ಗಂಟಲಿನ ಉಬ್ಬಿನ ಮೇಲೆ ಇಡಿ. ಇ ಅನ್ನುವಾಗ ಅದು ಅದುರಬೇಕು, ಸಿಎಚ್ ಬಂದ ಕೂಡಲೇ ಅದುರುವುದು ನಿಲ್ಲಬೇಕು. ಕೊನೆತನಕ ಅದುರುತ್ತಿದ್ದರೆ ದನಿ ಸೇರಿಕೊಂಡಿದೆ.

ಆಮೇಲೆ ಆ ಸದ್ದನ್ನೊಂದೇ ಎಳೆಯಿರಿ. ಉಸಿರು ಇರುವ ತನಕ ಎಳೆಯಲು ಬರಬೇಕು. ‘ಕ್’ ಅಂತ ಕಟ್ಟಾಗಿ ನಿಂತರೆ ಉಸಿರಿನ ದಾರಿ ಪೂರ್ತಿ ಮುಚ್ಚಿಕೊಂಡಿದೆ ಅಂತ ಅರ್ಥ. ಖ, ಚ ಇವನ್ನೂ ಎಳೆಯಲು ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಉಸಿರಿನ ಪರೀಕ್ಷೆಯ ಮೇಲೆ. ಸದ್ದನ್ನು ಎಳೆಯುತ್ತಾ ಇರಿ, ತಟ್ಟನೆ ನಿಲ್ಲಿಸಿ, ಬಾಯಿ ನಾಲಿಗೆ ಒಂದಿಷ್ಟೂ ಅಲುಗಿಸದೆ ಬಾಯಿಂದಲೇ ಗಾಳಿ ಒಳಗೆ ಎಳೆದುಕೊಳ್ಳಿ. ಒಂದು ಜಾಗ ತಣ್ಣಗಾಗುತ್ತದೆ. ಮೇಲಿನ ಹಲ್ಲಿನ ಹಿಂದೆ, ಒಸಡಿನ ಹತ್ತಿರ ತಣ್ಣಗಾದರೆ ಅದು ಶ್ ಜಾಗ. ಅಂಗುಳದ ನಡುವೆ, ಗಟ್ಟಿ ಮೇಲ್ಛಾವಣಿಯ ಕೆಳಗೆ ತಣ್ಣಗಾದರೆ ಹ್ಯ್ ಜಾಗ. ತೀರಾ ಹಿಂದೆ, ಮೆತ್ತನೆಯ ಭಾಗದಲ್ಲಾದರೆ ಖ಼್ ಜಾಗ. ಕಿವಿ ಮೋಸ ಹೋಗಬಹುದು, ಈ ತಣ್ಣನೆ ಮೋಸ ಹೋಗುವುದಿಲ್ಲ. ಸದ್ದು ಎಲ್ಲಿ ಹುಟ್ಟುತ್ತಿದೆ ಅಂತ ಅದೇ ಹೇಳಿಬಿಡುತ್ತದೆ.

ರೆಕಾರ್ಡ್ ಮಾಡಿ ಕೇಳುವುದೂ ಒಳ್ಳೆಯದೇ. ಆದರೆ ವಿಡಿಯೊ ಕಾಲ್‌ನಲ್ಲಿ ಕಲಿಯುವವರು ಒಂದು ವಿಷಯ ಗಮನಿಸಿ. ಈ ಸದ್ದು ಬರೀ ಉಸಿರಿನ ಉಜ್ಜು. ಕಾಲ್ ಆ್ಯಪ್‌ಗಳಲ್ಲಿ ಗದ್ದಲ ಕಡಿಮೆ ಮಾಡುವ ಸೌಲಭ್ಯ ಇರುತ್ತದೆ. ಅದು ಇಂಥ ಸದ್ದನ್ನು ಫ್ಯಾನ್ ಗಾಳಿ ಅಂದುಕೊಂಡು ಅಳಿಸಿಹಾಕಬಹುದು. ಹಳೆ ಮಾದರಿಯ ಫೋನ್ ಲೈನ್ ಅಂತೂ ಸುಮಾರು 300ರಿಂದ 3400 ಹರ್ಟ್ಸ್ ತನಕ ಮಾತ್ರ ಸದ್ದು ಸಾಗಿಸುತ್ತದೆ. ಮುಂದಿನ ಸಿಎಚ್‌ನ ಒಳ್ಳೆ ಪಾಲು ಅದಕ್ಕಿಂತ ಮೇಲಿರುತ್ತದೆ. ಮೇಷ್ಟ್ರು ‘ಕೇಳಿಸಲಿಲ್ಲ’ ಅಂದರೆ ತಪ್ಪು ನಿಮ್ಮದೇ ಅಂತ ಏನಿಲ್ಲ. ಫೋನಿನ ವಾಯ್ಸ್ ರೆಕಾರ್ಡರ್‌ನಲ್ಲಿ ಹೇಳಿ ಆ ಫೈಲನ್ನು ಕಳಿಸಿ, ಆಗ ನಿಜ ಗೊತ್ತಾಗುತ್ತದೆ.

ಫೋನಿನ ಕೀಬೋರ್ಡನ್ನು ಜರ್ಮನ್‌ಗೆ ಬದಲಿಸಿ, ಮಾತಾಡಿ ಟೈಪ್ ಮಾಡಿಸುವ ಉಪಾಯ ಹಲವರು ಹೇಳುತ್ತಾರೆ. ಅದನ್ನು ಪೂರ್ತಿ ನೆಚ್ಚಬೇಡಿ. ವಾಕ್ಯ ಹೇಳಿದರೆ ಅದು ಸಂದರ್ಭ ನೋಡಿ ಊಹಿಸುತ್ತದೆ. ನಿಮ್ಮ ತಪ್ಪನ್ನು ತಾನೇ ತಿದ್ದಿ ಸರಿಯಾಗಿ ಬರೆದುಬಿಡುತ್ತದೆ.

ಲಕ್ಷಣ: ಹ್ಯ್ ಬದಲು ಶ್ ಬರುತ್ತಿದೆ

ಕನ್ನಡಿಗರಲ್ಲಿ ಹೆಚ್ಚಾಗಿ ಕಾಣುವುದು ಇದೇ. ಕಾರಣವೂ ಸರಳ. ನಮ್ಮ ಭಾಷೆಯಲ್ಲಿ ಈ ಸದ್ದಿಗೆ ತೀರಾ ಹತ್ತಿರದ ಅಕ್ಷರ ಶ. ಬಾಯಿ ಸುಲಭದ ದಾರಿ ಹಿಡಿಯುತ್ತದೆ.

ತೊಂದರೆ ಏನು ಅಂದರೆ ಜರ್ಮನ್‌ನಲ್ಲಿ ಶ್ ಬೇರೆಯೇ ಇದೆ. ಅದನ್ನು ಎಸ್-ಸಿ-ಎಚ್ ಅಂತ ಮೂರಕ್ಷರದಲ್ಲಿ ಬರೆಯುತ್ತಾರೆ. ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಬಾಷ್ ಕಂಪನಿಯ ಹೆಸರಿನ ಕೊನೆಗೆ ಇರುವುದು ಅದೇ. ಎರಡನ್ನೂ ಒಂದೇ ಮಾಡಿದರೆ ಕಿರ್‌ಹ್ಯೆ (ಚರ್ಚು) ಹೋಗಿ ಕಿರ್ಶೆ (ಚೆರ್ರಿ ಹಣ್ಣು) ಆಗುತ್ತದೆ. ‘ಚರ್ಚಿನ ಪಕ್ಕ ನಿಂತಿದ್ದೇನೆ’ ಅನ್ನಲು ಹೋಗಿ ‘ಚೆರ್ರಿ ಹಣ್ಣಿನ ಪಕ್ಕ ನಿಂತಿದ್ದೇನೆ’ ಅಂದ ಹಾಗೆ. ಲ್ಯೋಹ್ಯರ್ ಅಂದರೆ ತೂತುಗಳು, ಲ್ಯೋಶರ್ ಅಂದರೆ ಬೆಂಕಿ ಆರಿಸುವ ಸಾಧನ.

ಶ್ ಮತ್ತು ಹ್ಯ್ ನಡುವೆ ಬಾಯಲ್ಲಿ ಬದಲಾಗುವುದು ಎರಡು. ಒಂದು ತುಟಿ. ಜರ್ಮನ್ ಶ್‌ಗೆ ತುಟಿ ಚಾಚುತ್ತದೆ, ಹ್ಯ್‌ಗೆ ಅಗಲವಾಗಿ ಸುಮ್ನೆ ಇರುತ್ತದೆ. ಎರಡನೆಯದು ನಾಲಿಗೆಯ ತುದಿ. ಶ್ ಅನ್ನುವಾಗ ನಾಲಿಗೆಯ ಮುಂದಿನ ಭಾಗ ಒಸಡಿನ ಕಡೆ ಏಳುತ್ತದೆ. ಹ್ಯ್ ಅನ್ನುವಾಗ ತುದಿ ಕೆಳಗಿನ ಹಲ್ಲಿನ ಹಿಂದೆ ಮಲಗಿರುತ್ತದೆ, ನಾಲಿಗೆಯ ನಡು ಮಾತ್ರ ಅಂಗುಳದತ್ತ ಉಬ್ಬುತ್ತದೆ. ಹೆಚ್ಚಿನವರು ತುಟಿ ಸರಿ ಮಾಡಿಕೊಳ್ಳುತ್ತಾರೆ, ತುದಿಯನ್ನು ಮರೆಯುತ್ತಾರೆ. ಆಗ ಬರುವುದು ತುಟಿ ಚಾಚದ ಶ್. ಜರ್ಮನ್ ಕಿವಿಗೆ ಅದೂ ಶ್ ಥರವೇ.

ರಿಪೇರಿ ಹೀಗೆ. ನಾಲಿಗೆಯ ತುದಿಯನ್ನು ಕೆಳಗಿನ ಹಲ್ಲಿನ ಹಿಂಬದಿಗೆ ತಾಗಿಸಿ ಅಲ್ಲೇ ಬಿಡಿ. ತುಟಿ ಅಗಲಿಸಿ. ‘ಈಈಈ’ ಅಂತ ಎಳೆಯಿರಿ. ಎಳೆಯುತ್ತಿರುವಾಗಲೇ ದನಿಯನ್ನು ಮಾತ್ರ ನಿಲ್ಲಿಸಿ, ಉಸಿರನ್ನು ನಿಲ್ಲಿಸಬೇಡಿ. ಬದಲಿಗೆ ಇನ್ನಷ್ಟು ಜೋರಾಗಿ ತಳ್ಳಿ. ನಾಲಿಗೆ ಅಲುಗಬಾರದು. ಬೆಕ್ಕು ಸಿಟ್ಟಿಗೆದ್ದಾಗ ಬುಸ್ ಅನ್ನುತ್ತದಲ್ಲ, ಅಂಥದೊಂದು ತೆಳು ಸದ್ದು ಬರುತ್ತದೆ. ಅದೇ ಹ್ಯ್.

ಇದು ಕೆಲಸ ಮಾಡದಿದ್ದರೆ ಇನ್ನೊಂದು ದಾರಿ: ‘ಯಾಕೆ’ ಅನ್ನುವುದನ್ನು ಪಿಸುಮಾತಿನಲ್ಲಿ ಹೇಳಿ. ಪಿಸುಗುಟ್ಟುವಾಗ ದನಿ ತಾನಾಗೇ ಹೋಗುತ್ತದೆ. ಆ ಮೊದಲ ಯ್ ಮೇಲೆ ನಿಂತು ಗಾಳಿ ಜಾಸ್ತಿ ಬಿಡಿ. ದನಿ ಇಲ್ಲದ ಯ್ ಅಂದರೆ ಹ್ಯ್, ಬೇರೇನಲ್ಲ. ಧಾರವಾಡ, ಹುಬ್ಬಳ್ಳಿ ಕಡೆಯವರಿಗೆ ಇನ್ನೂ ಸುಲಭ. ‘ಹ್ಯಾಂಗ’ ಅನ್ನುವುದನ್ನು ಪಿಸುಗುಟ್ಟಿದರೆ ಮೊದಲ ಸದ್ದು ಹೆಚ್ಚುಕಡಿಮೆ ಅಲ್ಲೇ ಬಂದಿರುತ್ತದೆ. ಇಂಗ್ಲಿಷಿನ ‘ಹ್ಯೂಜ್’ ಪದದ ಆರಂಭವೂ ಆಗಬಹುದು.

ತುಟಿ ಮಾತು ಕೇಳದಿದ್ದರೆ ಒಂದು ಪೆನ್ನನ್ನು ಅಡ್ಡಡ್ಡವಾಗಿ ಹಲ್ಲಿನ ನಡುವೆ ಹಗುರಾಗಿ ಕಚ್ಚಿಕೊಂಡು ಹೇಳಿ. ತುಟಿ ಚಾಚಲು ಜಾಗವೇ ಇರುವುದಿಲ್ಲ. ಮನೆಯವರು ನೋಡಿ ನಗಬಹುದು, ನಗಲಿ ಬಿಡಿ.

ಪದಗಳನ್ನು ಸುಲಭದ್ದರಿಂದ ಶುರು ಮಾಡಿ. ಇಹ್ಯ್, ಮಿಹ್ಯ್ (ನನ್ನನ್ನು), ಡಿಹ್ಯ್ (ನಿನ್ನನ್ನು): ಇಲ್ಲಿ ಇ ಆಗಲೇ ನಾಲಿಗೆಯನ್ನು ಜಾಗಕ್ಕೆ ತಂದಿರುತ್ತದೆ. ಆಮೇಲೆ ರೆಹ್ಯ್‌ಟ್, ಆಮೇಲೆ ಮಿಲ್‌ಹ್ಯ್. ಶ್ ಮತ್ತು ಹ್ಯ್ ಒಂದೇ ಪದದಲ್ಲಿ ಇರುವಂಥವು ಕೊನೆಗೆ. ಅಂಥ ಪದ ಹುಡುಕಿಕೊಂಡು ಹೋಗಬೇಕಿಲ್ಲ. ಎಂಜಿನಿಯರಿಂಗ್ ಓದಲು ಹೋಗುವವರ ಅಡ್ಮಿಶನ್ ಪತ್ರದಲ್ಲೇ ಇರುತ್ತದೆ. ‘ಟೆಕ್ನಿಕಲ್ ಯೂನಿವರ್ಸಿಟಿ’ ಅನ್ನುವ ಜಾಗದಲ್ಲಿ ಬರುವ ಟೆಹ್ಯ್‌ನಿಶೆ ಪದದಲ್ಲಿ ಮೊದಲು ಹ್ಯ್, ಆಮೇಲೆ ಶ್. ಕನ್ನಡಿ ಮುಂದೆ ಹೇಳಿ. ಮೊದಲನೆಯದಕ್ಕೆ ತುಟಿ ಅಗಲ, ಎರಡನೆಯದಕ್ಕೆ ದುಂಡು. ಎರಡೂ ಸಲ ತುಟಿ ಒಂದೇ ರೀತಿ ಇದ್ದರೆ ಇನ್ನೂ ರಿಪೇರಿ ಆಗಿಲ್ಲ.

ಲಕ್ಷಣ: ಕ್ ಅಥವಾ ಖ್ ಬರುತ್ತಿದೆ

ನಖ಼್‌ಟ್ ಅಂದರೆ ರಾತ್ರಿ. ನಕ್ಟ್ ಅಂದರೆ ಬೆತ್ತಲೆ. ಮಲಗುವ ಮುಂಚೆ ಶುಭರಾತ್ರಿ ಹೇಳುವವರು ಇದೊಂದನ್ನಾದರೂ ಸರಿ ಮಾಡಿಕೊಂಡರೆ ಒಳ್ಳೆಯದು. ಮುಂದಿನ ಸಿಎಚ್‌ಗೂ ಇದೇ ಕಾಟ: ನಿಹ್ಯ್‌ಟ್ ಅಂದರೆ ‘ಇಲ್ಲ’ ಅಥವಾ ‘ಅಲ್ಲ’, ನಿಕ್ಟ್ ಅಂದರೆ ‘ತಲೆಯಾಡಿಸಿ ಹೂಂ ಅನ್ನುತ್ತಾನೆ’.

ಇಲ್ಲಿ ಆಗುತ್ತಿರುವುದು ಇಷ್ಟು. ಕ ಅನ್ನಲು ನಾಲಿಗೆಯ ಹಿಂಭಾಗ ಮೇಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಆಮೇಲೆ ಬಿಟ್ಟುಕೊಳ್ಳುತ್ತದೆ. ಖ ಅಂದರೂ ಅದೇ, ಬಿಟ್ಟುಕೊಳ್ಳುವಾಗ ಗಾಳಿ ಜಾಸ್ತಿ. ‘ಇಲ್ಲಿ ಖ ಹೇಳಿ’ ಅಂತ ಕನ್ನಡ ಪುಸ್ತಕಗಳಲ್ಲಿ ಬರೆದಿರುವುದರಿಂದಲೇ ಈ ದೋಷ ಹುಟ್ಟುತ್ತದೆ. ಖ಼್‌ಗೆ ನಾಲಿಗೆ ಅಂಟಬಾರದು, ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಬೇಕು.

ಬಾಯಿ ತೆರೆದು ‘ಆಆಆ’ ಅನ್ನಿ. ದನಿ ನಿಲ್ಲಿಸಿ ಉಸಿರು ಬಿಡುತ್ತಾ ಇರಿ. ಈಗ ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಏರಿಸಿ. ಒಂದು ಹಂತದಲ್ಲಿ ಗಾಳಿ ಉಜ್ಜಲು ಶುರುವಾಗುತ್ತದೆ. ಅಲ್ಲೇ ನಿಲ್ಲಿಸಿ. ಇನ್ನೂ ಏರಿಸಿದರೆ ಕ್ ಆಗಿಬಿಡುತ್ತದೆ. ‘ಕಫ ಕ್ಯಾಕರಿಸಿದ ಹಾಗೆ ಮಾಡಿ’ ಅನ್ನುವ ಸಲಹೆ ಜಾಗ ತೋರಿಸಲು ಒಂದು ಸಲಕ್ಕೆ ಸರಿ, ಅಭ್ಯಾಸಕ್ಕೆ ಬೇಡ. ಜರ್ಮನರು ಇದನ್ನು ಅಷ್ಟು ಒರಟಾಗಿ ಹೇಳುವುದಿಲ್ಲ. ಅಭ್ಯಾಸ ಮುಗಿದಮೇಲೆ ಗಂಟಲು ಕೆರೆಯುತ್ತಿದ್ದರೆ ನೀವು ಬೇಕಾದ್ದಕ್ಕಿಂತ ಕೆಳಗೆ ಹೋಗಿದ್ದೀರಿ ಅಂತ ಅರ್ಥ.

ಬೆಂಗಳೂರು, ಕಲಬುರಗಿ, ಬೀದರ್ ಕಡೆ ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವವರಿಗೆ ಈ ಭಾಗ ಬೇಡವೇ ಬೇಡ. ‘ಖ಼ಬರ್’ ಅನ್ನುವಾಗ ಅವರ ಬಾಯಲ್ಲಿ ಬರುವುದು ಇದೇ ಸದ್ದು. ದಖ್ಖನಿಯಲ್ಲಂತೂ ಕಾನೂನು ಕೂಡ ‘ಖ಼ಾನೂನ್’. ಅವರಿಗೆ ಆಗುವ ತೊಂದರೆ ಬೇರೆ. ಸದ್ದು ಸಲೀಸಾಗಿ ಬರುತ್ತದಲ್ಲ ಅಂತ ಎಲ್ಲ ಕಡೆ ಅದನ್ನೇ ಹಾಕುತ್ತಾರೆ, ‘ಇಖ಼್’ ಅನ್ನುತ್ತಾರೆ. ಅವರು ಹಿಂದಿನ ಭಾಗ ಓದಿ ಹ್ಯ್ ಒಂದನ್ನು ಕಲಿತರೆ ಸಾಕು.

ಸಂಸ್ಕೃತ ಪಾಠ ಮಾಡಿಸಿಕೊಂಡವರಿಗೂ ಒಂದು ಹಿಡಿತ ಸಿಗುತ್ತದೆ. ಕ, ಖ ಮುಂದೆ ಬಂದಾಗ ವಿಸರ್ಗ ಪಡೆಯುವ ರೂಪಕ್ಕೆ ಜಿಹ್ವಾಮೂಲೀಯ ಅನ್ನುತ್ತಾರೆ. ಕನ್ನಡ ಲಿಪಿಯಲ್ಲಿ ಅದಕ್ಕೊಂದು ಗುರುತೂ ಇದೆ, ೱ ಅಂತ. ‘ಅಂತಃಕರಣ’ ಪದವನ್ನು ಹಳೆಯ ಕ್ರಮದಲ್ಲಿ ಹೇಳುವವರ ಬಾಯಲ್ಲಿ ಕ ಬರುವ ಮುಂಚೆ ಒಂದು ಉಜ್ಜು ಕೇಳಿಸುತ್ತದೆ. ಜಾಗ ಅದೇ.

ಲಕ್ಷಣ: ಇಚ್

ಇದು ಬಾಯಿಯ ದೋಷ ಅಲ್ಲ, ಕಣ್ಣಿನದು. ಇಂಗ್ಲಿಷ್ ಓದಿದ ಅಭ್ಯಾಸದಿಂದ ಸಿಎಚ್ ಕಂಡ ಕೂಡಲೇ ಚ ಬರುತ್ತದೆ. ಜರ್ಮನ್‌ನಲ್ಲಿ ಚ ಬೇಕಾದರೆ ಟಿ-ಎಸ್-ಸಿ-ಎಚ್ ಅಂತ ನಾಲ್ಕಕ್ಷರ ಹಾಕುತ್ತಾರೆ, ಡೊಯ್ಚ್ ಪದದ ಕೊನೆಯಲ್ಲಿ ಇರುವ ಹಾಗೆ. ಹೊರಗಿಂದ ಬಂದ ಪದಗಳನ್ನು ಬಿಟ್ಟರೆ ಬರೀ ಸಿಎಚ್ ಚ ಆಗುವುದಿಲ್ಲ. ಇಷ್ಟು ಗೊತ್ತಿದ್ದರೆ ಒಂದೆರಡು ದಿನದಲ್ಲಿ ಹೋಗುತ್ತದೆ.

ಲಕ್ಷಣ: ಕೊನೆಯಲ್ಲಿ ಬಾಲ ಬೆಳೆಯುತ್ತಿದೆ

ಬಸ್ಸು, ಬುಕ್ಕು, ಕಾರು. ಕನ್ನಡದ ನಾಲಿಗೆಗೆ ಪದ ವ್ಯಂಜನದಲ್ಲಿ ಮುಗಿದರೆ ಸಮಾಧಾನ ಇಲ್ಲ. ಅದೇ ಅಭ್ಯಾಸದಲ್ಲಿ ಇಹ್ಯ್ ಹೋಗಿ ‘ಇಹ್ಯು’ ಅಥವಾ ‘ಇಶ್ಶಿ’ ಆಗುತ್ತದೆ. ನಿಮಗೆ ಕೇಳಿಸುವುದೇ ಇಲ್ಲ, ಜರ್ಮನರಿಗೆ ಕೇಳಿಸುತ್ತದೆ.

ಗಂಟಲ ಮೇಲೆ ಬೆರಳಿಟ್ಟು ಹೇಳಿ. ಸಿಎಚ್ ಆದಮೇಲೆ ಮತ್ತೆ ಒಮ್ಮೆ ಅದುರಿದರೆ ಬಾಲ ಇದೆ. ಪದದ ಕೊನೆಯ ಸದ್ದನ್ನು ಬೇಕಂತಲೇ ಉದ್ದ ಎಳೆದು, ಉಸಿರು ತಾನಾಗಿ ತೀರಲು ಬಿಡಿ. ಇನ್ನೊಂದು ಉಪಾಯ ಇದಕ್ಕಿಂತ ವಾಸಿ: ಒಂಟಿ ಪದ ಬಿಟ್ಟು, ಟ್ ಸೇರಿರುವ ಪದ ಹೇಳಿ. ನಿಹ್ಯ್‌ಟ್, ಲಿಹ್ಯ್‌ಟ್ (ಬೆಳಕು). ಹ್ಯ್ ಆದ ಕೂಡಲೇ ನಾಲಿಗೆಗೆ ಬೇರೆ ಕೆಲಸ ಇರುವುದರಿಂದ ನಡುವೆ ಸ್ವರ ನುಸುಳಲು ಜಾಗ ಸಿಗುವುದಿಲ್ಲ.

ಲಕ್ಷಣ: ಸದ್ದೇ ಮಾಯ

ಕೆಲವರು ಹ್ಯ್ ಅಥವಾ ಖ಼್ ಅನ್ನುವ ಬದಲು ಬರೀ ಹ ಅಂದು ಮುಗಿಸುತ್ತಾರೆ. ಆಗ ಅಖ಼್‌ಟ್ (ಎಂಟು) ‘ಆಟ್’ ಥರ ಕೇಳಿಸುತ್ತದೆ. ನಮ್ಮ ಹ ಮೆತ್ತನೆಯದು, ಎರಡು ಸ್ವರದ ನಡುವೆ ಅದಕ್ಕೆ ದನಿಯೂ ಸೇರಿಕೊಳ್ಳುತ್ತದೆ. ಹಳೆ ಮೈಸೂರು ಕಡೆ ಹಳ್ಳಿ ಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ ಅಲ್ವಾ, ಅಲ್ಲಿಂದ ಬಂದವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ನಾಲಿಗೆ ಸಾಕಷ್ಟು ಏಳುತ್ತಿಲ್ಲ, ಹಾಗಾಗಿ ಗಾಳಿ ಉಜ್ಜುತ್ತಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿ. ಗಾಳಿ ಸಣ್ಣಗೆ, ಬಿಡದೆ ತಾಗಬೇಕು.

ಲಕ್ಷಣ: ಒಂಟಿಯಾಗಿ ಸರಿ, ಪದದಲ್ಲಿ ತಪ್ಪು

ಇದು ಹಠಮಾರಿ ದೋಷ. ಹ್ಯ್ ಒಂದನ್ನೇ ಹೇಳಿ ಅಂದರೆ ಚೆನ್ನಾಗಿ ಹೇಳುತ್ತಾರೆ. ಬೇಕರಿಯಲ್ಲಿ ನಿಂತು ಬ್ರ್ಯೋಟ್‌ಹ್ಯೆನ್ (ಬನ್ನು) ಕೇಳುವಾಗ ‘ಬ್ರೋಚೆನ್’ ಬರುತ್ತದೆ. ಟ್ ಮತ್ತು ಹ್ಯ್ ಒಟ್ಟಿಗೆ ಬಂದರೆ ನಮ್ಮ ಬಾಯಿ ಎರಡನ್ನೂ ಬೆಸೆದು ಚ ಮಾಡಿಬಿಡುತ್ತದೆ. ಮೇಟ್‌ಹ್ಯೆನ್ (ಹುಡುಗಿ) ‘ಮೇಚೆನ್’ ಆಗುವುದೂ ಹೀಗೇ. ಪದವನ್ನು ಮುರಿಯಿರಿ: ಬ್ರ್ಯೋಟ್, ಒಂದು ಕ್ಷಣ ಬಿಡಿ, ಹ್ಯೆನ್. ಟ್ ಹೇಳಿದ ನಾಲಿಗೆಯ ತುದಿ ಕೆಳಗಿನ ಹಲ್ಲಿಗೆ ಇಳಿದ ಮೇಲೆಯೇ ಹ್ಯ್ ಶುರುವಾಗಬೇಕು. ಇಳಿಯುವುದು ಅಭ್ಯಾಸವಾದಮೇಲೆ ಬಿಡುವನ್ನು ಕಡಿಮೆ ಮಾಡುತ್ತಾ ಬನ್ನಿ.

‘ಜರ್ಮನ್ ಬರುತ್ತಾ?’ ಅಂತ ಯಾರಾದರೂ ಕೇಳಿದರೆ ಎಲ್ಲರೂ ಕೊಡುವ ಉತ್ತರ ‘ಐನ್ ಬಿಸ್‌ಹ್ಯೆನ್’, ಸ್ವಲ್ಪ. ಇಲ್ಲಿ ಎಸ್ ಮತ್ತು ಸಿಎಚ್ ಪಕ್ಕಪಕ್ಕ ಇದ್ದರೂ ಅದು ಶ್ ಅಲ್ಲ. ಸ್ ಬೇರೆ, ಹ್ಯೆನ್ ಬೇರೆ. ‘ಬಿಶೆನ್’ ಅಂದರೂ ಅರ್ಥ ಆಗುತ್ತದೆ ಅನ್ನಿ, ಆದರೆ ‘ಸ್ವಲ್ಪ’ ಅನ್ನುವುದು ನಿಜಕ್ಕೂ ಸ್ವಲ್ಪವೇ ಅಂತ ತಕ್ಷಣ ಗೊತ್ತಾಗುತ್ತದೆ.

ರ ಆದಮೇಲೆ ತಪ್ಪುವವರೂ ಇದ್ದಾರೆ. ಕಾರಣ ನಮ್ಮ ರ. ಅದನ್ನು ಹೇಳಲು ನಾಲಿಗೆಯ ತುದಿ ಮೇಲಕ್ಕೆ ಹೋಗಿ ಅದುರುತ್ತದೆ. ಮೇಲಿದ್ದ ತುದಿಯಿಂದ ಮುಂದಿನ ಸದ್ದು ಹೊರಟರೆ ಅದು ಶ್ ಆಗದೆ ಇನ್ನೇನಾಗುತ್ತದೆ? ಹಾಗಾಗಿ ಕಿರ್‌ಹ್ಯೆ ಕೆಟ್ಟರೆ ಹ್ಯ್ ತಿದ್ದಲು ಹೋಗಬೇಡಿ, ರ ತಿದ್ದಿ. ಜರ್ಮನರು ಇಂಥ ಕಡೆ ರ ಅನ್ನು ನಾಲಿಗೆಯ ತುದಿಯಿಂದ ಹೇಳುವುದಿಲ್ಲ. ಹಿಂದಿನಿಂದ ಹೇಳುತ್ತಾರೆ, ಇಲ್ಲವೇ ಅ ಥರ ಕರಗಿಸಿಬಿಡುತ್ತಾರೆ. ‘ಮೂಲಕ’ ಅನ್ನುವ ಪದ ಕೇಳುವುದಕ್ಕೆ ‘ಡುಅಹ್ಯ್’ ಹಾಗಿರುತ್ತದೆ. ಕಿವಿಗೆ ಅ ಬಿದ್ದರೂ ಸಿಎಚ್ ಮುಂದಿನದ್ದೇ, ಯಾಕೆಂದರೆ ಬರಹದಲ್ಲಿ ಅಲ್ಲಿ ರ ಇದೆ.

ಬಾಯಿ ಸರಿ ಇದೆ, ಓದುವುದು ತಪ್ಪು

ಎರಡೂ ಸದ್ದು ಬಂದಮೇಲೂ ಯಾವುದನ್ನು ಎಲ್ಲಿ ಹಾಕಬೇಕು ಅನ್ನುವ ಗೊಂದಲ ಉಳಿಯುತ್ತದೆ. ಇದಕ್ಕೆ ನಾನು ಅಂಕಿಗಳನ್ನೇ ಅಭ್ಯಾಸಕ್ಕೆ ಕೊಡುತ್ತೇನೆ. 6 ಅಂದರೆ ಜ಼ೆಕ್ಸ್: ಸಿಎಚ್ ಆದಮೇಲೆ ಅದೇ ಪದದ ಎಸ್ ಬಂದರೆ ಕ್ಸ್. 16 ಜ಼ೆಹ್ಯ್‌ತ್ಸೇನ್, ಇಲ್ಲಿ ಆ ಎಸ್ ಬಿದ್ದುಹೋಗಿ ಹ್ಯ್ ಬಂತು. 60ರಲ್ಲಿ ಎರಡು ಹ್ಯ್, ಜ಼ೆಹ್ಯ್‌ತ್ಸಿಹ್ಯ್, ಕೊನೆಯದನ್ನು ಐ-ಜಿ ಅಂತ ಬರೆದಿದ್ದರೂ ಶಿಷ್ಟ ಉಚ್ಚಾರದಲ್ಲಿ ಅದು ಇಹ್ಯ್. 8 ಅಖ಼್‌ಟ್. 80ರಲ್ಲಿ ಒಂದು ಹಿಂದೆ, ಒಂದು ಮುಂದೆ: ಅಖ಼್‌ತ್ಸಿಹ್ಯ್. 66 ಮತ್ತು 88 ತಡವರಿಸದೆ ಬಂದರೆ ಅರ್ಧ ಕೆಲಸ ಮುಗಿಯಿತು. ಮನೆ ನಂಬರು, ಫೋನ್ ನಂಬರು ಹೇಳುವಾಗ ದಿನಾ ಬೇಕಾಗುವುದೂ ಇವೇ.

ಕ್ಸ್ ನಿಯಮದಿಂದ ನಾಯಿ ಸಾಕಿದವರಿಗೂ ಒಂದು ಲಾಭ. ನಾವು ‘ಡ್ಯಾಶ್‌ಹೌಂಡ್’ ಅನ್ನುವ ಗಿಡ್ಡ ಕಾಲಿನ ನಾಯಿ ಜರ್ಮನ್‌ನಲ್ಲಿ ಡಕ್ಸ್‌ಹುಂಟ್. ಆದರೆ ಎಸ್ ಬರೀ ಕ್ರಿಯಾಪದದ ಪ್ರತ್ಯಯ ಆಗಿದ್ದರೆ ಈ ನಿಯಮ ಇಲ್ಲ. ಲಕ್ಸ್ ಅಂದರೆ ಸಾಲ್ಮನ್ ಮೀನು, ‘ನೀನು ನಗುತ್ತೀಯ’ ಅನ್ನುವುದು ಮಾತ್ರ ಲಖ಼್‌ಸ್ಟ್.

‘ಪುಟ್ಟ’ ಅನ್ನುವ ಅರ್ಥ ಕೊಡುವ ಹ್ಯೆನ್ ಪ್ರತ್ಯಯ ಹಿಂದಿನ ಸ್ವರಕ್ಕೆ ಸೊಪ್ಪು ಹಾಕುವುದಿಲ್ಲ. ರೌಖ಼ೆನ್ ಅಂದರೆ ಸಿಗರೇಟು ಸೇದುವುದು, ಫ್ರೌಹ್ಯೆನ್ ಅಂದರೆ ನಾಯಿಯ ಯಜಮಾನಿ. ಹಿಂದೆ ಔ ಇದ್ದರೂ ಎರಡನೆಯದರಲ್ಲಿ ಮುಂದಿನ ಸದ್ದು.

ಪದದ ಮೊದಲಲ್ಲಿ ಸಿಎಚ್ ಬಂದರೆ ಅದು ಹೆಚ್ಚಾಗಿ ಹೊರಗಿಂದ ಬಂದ ಪದ. ಕೋರಸ್ ಅನ್ನುವ ಅರ್ಥದ ಕೋರ್‌ಗೆ ಕ್, ಮೇಲಧಿಕಾರಿಗೆ ಶೆಫ್, ಕೆಮಿಸ್ಟ್ರಿಗೆ ಹ್ಯೆಮೀ. ಕೆಮ್ನಿಟ್ಸ್ ಊರಿಗೆ ಓದಲು ಹೋಗುವವರು ಊರಿನ ಹೆಸರನ್ನು ಹ್ಯ್ ಹಾಕಿ ಕೆಡಿಸಬೇಡಿ, ಅಲ್ಲಿ ಕ್ ಇದೆ. ಆಖ಼ೆನ್‌ಗೆ ಹೋಗುವವರ ವಿಶ್ವವಿದ್ಯಾಲಯದ ಹೆಸರಿನಲ್ಲಿ ಹೋಖ಼್‌ಶೂಲೆ ಇದೆ, ಖ಼್ ಮತ್ತು ಶ್ ಬೆನ್ನಿಗೆ ಬೆನ್ನು. ರೇಸ್ ಕಾರಿನ ಮೈಕಲ್ ಶುಮಾಕರ್ ತಮ್ಮ ಊರಲ್ಲಿ ಶೂಮಖ಼ರ್.

ಇದು ದೋಷವೇ ಅಲ್ಲ

ಕೊಲೋನ್ ಸುತ್ತಮುತ್ತ, ಸ್ಯಾಕ್ಸನಿ ಕಡೆ ‘ಇಶ್’ ಅನ್ನುವ ಜರ್ಮನರು ಬೇಕಾದಷ್ಟು ಸಿಗುತ್ತಾರೆ. ಬರ್ಲಿನ್ ಆಡುಮಾತಿನಲ್ಲಿ ‘ಇಕ್’. ಸ್ವಿಟ್ಜರ್ಲೆಂಡಿನ ಆಡುಮಾತಿನಲ್ಲಿ ಸಾಮಾನ್ಯವಾಗಿ ಎಲ್ಲ ಕಡೆ ಖ಼್. ದಕ್ಷಿಣ ಜರ್ಮನಿ, ಆಸ್ಟ್ರಿಯಾದಲ್ಲಿ 20ಕ್ಕೆ ತ್ಸ್ವಾನ್‌ತ್ಸಿಕ್ ಅನ್ನುತ್ತಾರೆ, ಕೆಮಿಸ್ಟ್ರಿಗೆ ಕೆಮೀ. ಮನೆ ಮಾಲೀಕರ ಮಾತು ಕೇಳಿ ನಿಮ್ಮ ಕಿವಿ ಗೊಂದಲಕ್ಕೆ ಬಿದ್ದರೆ ಅದು ನಿಮ್ಮ ಕಿವಿಯ ತಪ್ಪಲ್ಲ.

ಹಾಗಂತ ‘ಅವರೇ ಇಶ್ ಅಂತಾರೆ, ನನಗೇನು’ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಅವರ ಇಶ್ ಹಿಂದೆ ಒಂದು ಇಡೀ ಊರಿನ ಮಾತಿನ ಧಾಟಿ ಇರುತ್ತದೆ. ನಮ್ಮ ಇಶ್ ಹಿಂದೆ ಅದಿಲ್ಲ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯಥೆ ಇನ್‌ಸ್ಟಿಟ್ಯೂಟ್‌ನ ಬಿ1 (ಮಧ್ಯಮ ಹಂತದ) ಪರೀಕ್ಷೆಯ ಮಾತಿನ ಭಾಗದಲ್ಲಿ ಉಚ್ಚಾರಕ್ಕೂ ಅಂಕ ಇದೆ. ಮೊದಲು ಶಿಷ್ಟ ರೂಪ ಕಲಿಯಿರಿ, ಆಮೇಲೆ ಊರಿನದು ತಾನಾಗೇ ಅಂಟುತ್ತದೆ.

ಎಲ್ಲಾ ಸರಿ ಇದ್ದೂ ಅರ್ಥ ಆಗುತ್ತಿಲ್ಲವಾದರೆ

ಆಗ ಸಿಎಚ್ ಬಿಡಿ, ಅದರ ಹಿಂದಿನ ಸ್ವರ ನೋಡಿ. ಕಾಫಿ ಬೇಕು ಅನ್ನಲು ‘ಇಹ್ಯ್ ಮ್ಯೋಹ್ಯ್‌ಟೆ’ ಅನ್ನಬೇಕು. ಆ ಎರಡು ಚುಕ್ಕಿಯ ಸ್ವರವನ್ನು ನಾವು ಬರೀ ಒ ಅಂದುಬಿಡುತ್ತೇವೆ. ಒ ಅಂದಮೇಲೆ ನಾಲಿಗೆ ಹಿಂದಕ್ಕೆ ಹೋಯಿತು, ಸಿಎಚ್ ತಾನಾಗೇ ಖ಼್ ಆಯಿತು. ‘ಮೊಖ಼್‌ಟೆ’ ಅಂದರೆ ‘ನನಗೆ ಇಷ್ಟವಿತ್ತು’. ಕೌಂಟರಿನ ಹಿಂದಿರುವವರು ಮುಂದಿನ ಮಾತಿಗೆ ಕಾಯುತ್ತಾ ನಿಂತಿರುತ್ತಾರೆ. ಒಂದೇ ಮಗಳು ಟೊಖ಼್‌ಟರ್, ಹಲವು ಹೆಣ್ಣುಮಕ್ಕಳು ಟ್ಯೋಹ್ಯ್‌ಟರ್. ಕೇಕ್ ಕೂಖ಼ೆನ್, ಅಡುಗೆಮನೆ ಕ್ಯುಹ್ಯೆ. ಪುಸ್ತಕ ಒಂದಾದರೆ ಬೂಖ಼್, ಹಲವಾದರೆ ಬ್ಯೂಹ್ಯರ್.

ಇಲ್ಲಿ ನಾನು ‘ಯೋ’, ‘ಯೂ’ ಅಂತ ಬರೆದಿರುವುದು ಬೇರೆ ದಾರಿ ಇಲ್ಲದೆ. ಒಳಗೆ ಯ ಇಲ್ಲ. ಮೊದಲನೆಯದಕ್ಕೆ ಬಾಯಲ್ಲಿ ‘ಏ’ ಅಂತ ಹಿಡಿದು, ನಾಲಿಗೆ ಅಲುಗಿಸದೆ ತುಟಿ ಮಾತ್ರ ದುಂಡು ಮಾಡಿ. ಎರಡನೆಯದಕ್ಕೆ ‘ಈ’ ಹಿಡಿದು ತುಟಿ ದುಂಡು ಮಾಡಿ. ನಾಲಿಗೆ ಮುಂದೆಯೇ ಇರುವುದರಿಂದ ಅದರ ಬೆನ್ನಿಗೆ ಬರುವ ಸಿಎಚ್ ಕೂಡ ಮುಂದೆಯೇ ಬೀಳುತ್ತದೆ. ಸಿಎಚ್ ಬರುವ ಹೊತ್ತಿಗೆ ತುಟಿ ಇನ್ನೂ ದುಂಡಾಗಿದ್ದರೂ ಹೆದರಬೇಡಿ, ಇಲ್ಲಿ ಜರ್ಮನರ ತುಟಿಯೂ ಹಾಗೇ ಇರುತ್ತದೆ. ಕನ್ನಡಿ ಪರೀಕ್ಷೆ ಇಂಥ ಪದಗಳಿಗೆ ನಡೆಯುವುದಿಲ್ಲ. ಗಾಳಿ ಒಳಗೆ ಎಳೆದು ತಣ್ಣನೆ ಎಲ್ಲಿ ತಾಗುತ್ತದೆ ಅಂತಲೇ ನೋಡಬೇಕು.